ಬಾಯಿ ಕಂಪನಿಯದು

ಹುಮನಾಬಾದಿನಲ್ಲಿ ಡಾಕ್ಟರ್ ಉಜ್ವಲಾ ಪಾದಗಳ ದವಾಖಾನೆ ನಡೆಸುತ್ತಿದ್ದಳು. ಸಕ್ಕರೆ ಕಾಯಿಲೆಯವರ ಹುಣ್ಣು, ಆಣಿ, ಒಡೆದ ಹಿಮ್ಮಡಿ. ಚಿಕಿತ್ಸೆಯಲ್ಲಿ ತಪ್ಪಾಗಿ ರೋಗಿ ದಾವೆ ಹೂಡಿದರೆ ಪರಿಹಾರ ಕೊಡುವ ವಿಮೆಯೊಂದನ್ನು ಮಾಡಿಸಿದ್ದಳು. ಮನೆಗೆ ಬೀಗ ಹಾಕಿಕೊಂಡಂತೆ, ಆಮೇಲೆ ಅದರ ಬಗ್ಗೆ ಯೋಚಿಸಿದ್ದಿಲ್ಲ.

ನಾರಾಯಣಪುರದ ದ್ರೌಪತಿಯ ಆಣಿ ತೆಗೆದ ದಿನ ದವಾಖಾನೆ ತುಂಬಿತ್ತು. ಸಕ್ಕರೆ ಕಾಯಿಲೆಯವರ ಪಾದದಲ್ಲಿ ಸ್ಪರ್ಶ ಉಳಿದಿದೆಯೇ ಎಂದು ಮೊದಲು ನೋಡಬೇಕು. ಅವತ್ತು ಉಜ್ವಲಾ ನೋಡಲಿಲ್ಲ. ಬ್ಲೇಡು ಆಳಕ್ಕೆ ಇಳಿದದ್ದು ದ್ರೌಪತಿಗೆ ತಿಳಿಯಲೇ ಇಲ್ಲ. ಗಾಯ ಕೊಳೆತು, ಬಸವಕಲ್ಯಾಣದ ಆಸ್ಪತ್ರೆಯಲ್ಲಿ ಕಾಲಿನ ಕಿರುಬೆರಳು ತೆಗೆಯಬೇಕಾಯಿತು. ಮಗ ಮಚ್ಚೇಂದ್ರ ವಕೀಲರಿಂದ ನೋಟಿಸು ಕಳಿಸಿದ.

ವಿಮೆ ಮಾಡಿಸಿಕೊಟ್ಟಿದ್ದ ಏಜೆಂಟ್ ವೈಜಿನಾಥ ಧೈರ್ಯ ಹೇಳಿದ. ಎಲ್ಲವನ್ನೂ ಕಂಪನಿ ನೋಡಿಕೊಳ್ಳುತ್ತದೆ; ಆದರೆ ಅದರ ಒಪ್ಪಿಗೆಯಿಲ್ಲದೆ ತಪ್ಪೊಪ್ಪಿಕೊಂಡರೆ ಕೈ ತೊಳೆದುಕೊಂಡೀತು, ದವಾಖಾನೆಯನ್ನೇ ಮಾರಬೇಕಾದೀತು. ಆ ಮನೆಗೆ ಹೋಗಬಾರದು, ಅವರ ಫೋನು ಎತ್ತಬಾರದು.

"ಕೈ ನಿಮ್ದು ಮೇಡಂ," ಎಂದು ನಕ್ಕ. "ಬಾಯಿ ಕಂಪನೀದು."

ದ್ರೌಪತಿಯ ಫೋನು ಬಂದಾಗಲೆಲ್ಲ ಉಜ್ವಲಾ ಮೊಬೈಲನ್ನು ಬೋರಲು ಹಾಕಿದಳು. ಬೈಗುಳ ಕೇಳಲು ತಾನು ಹೆದರಿದ್ದೇನೆ ಎಂದುಕೊಂಡಳು. ಆಮೇಲೆ ಕರೆಗಳು ನಿಂತವು. ಆ ಮೌನವನ್ನು ಮಾತ್ರ ತಡೆಯಲಾಗಲಿಲ್ಲ.

ಭಾನುವಾರ ನಾರಾಯಣಪುರಕ್ಕೆ ಹೋದಳು. ಬುದ್ಧವಿಹಾರದ ಹಿಂದೆ, ದಲಿತರ ಓಣಿ. ಮಚ್ಚೇಂದ್ರ ಬಾಗಿಲಲ್ಲೇ ನಿಂತ, ಬನ್ನಿ ಎನ್ನಲಿಲ್ಲ. ಒಳಗಿನಿಂದ ದ್ರೌಪತಿ ಅವನನ್ನು ಗದರಿ ದಾರಿ ಬಿಡಿಸಿದಳು. ಉಜ್ವಲಾ ಎದುರಿಗೆ ಕೂತದ್ದೇ ದ್ರೌಪತಿ ತನ್ನ ಪಾದವನ್ನು ಸೀರೆಯೊಳಗೆ ಎಳೆದುಕೊಂಡಳು.

"ಪಟ್ಟಿ ಹ್ಯಾಂಗ ಕಟ್ಕೋಬೇಕು ಕೇಳಾಕ ಫೋನ್ ಮಾಡಿದ್ದೆ ಡಾಕ್ಟರವ್ವ. ನೀವು ಎತ್ತಲಿಲ್ಲ. ದವಾಖಾನ್ಯಾಗ ನನ್ನ ಕಾಲು ತೊಡಿ ಮ್ಯಾಲ ಇಟ್ಕೊಂಡಾಕಿ, ಈಗ ನಮ್ಮಂಥವರ ಕಾಲು ಮುಟ್ಟಿದ್ದಕ್ಕ ಹೇಸಿಗಿ ಬಂತೇನೋ, ಎಲ್ಲಾರ ಹಂಗ ಇಕಿನೂ, ಅಂದ್ಕೊಂಡೆ."

ಹೇಳುವಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ರೂಢಿಯಿತ್ತು. ತನ್ನ ಮೌನಕ್ಕೆ ಈ ಮನೆಯಲ್ಲಿ ಇಂಥ ಅರ್ಥ ಹುಟ್ಟೀತೆಂದು ಉಜ್ವಲಾಗೆ ಹೊಳೆದೇ ಇರಲಿಲ್ಲ. ಕಂಪನಿಯ ನಿಯಮ ಹೇಳಬಹುದಿತ್ತು, ಅದೂ ನಿಜವೇ. ಆದರೆ ಅದು ಬಹಳ ಸಣ್ಣ ನಿಜವೆನಿಸಿತು.

"ತಪ್ಪು ನಂದು, ದ್ರೌಪತವ್ವ. ಅವತ್ತ ನಿಮ್ಮ ಕಾಲು ಜ್ವಾಪಾನ ಮಾಡಿ ನೋಡಬೇಕಾಗಿತ್ತು. ನೋಡಲಿಲ್ಲ."

ಬಾಗಿಲಲ್ಲಿದ್ದ ಮಚ್ಚೇಂದ್ರ ತಿರುಗಿದ. "ಕೋರ್ಟಿನ್ಯಾಗೂ ಹೀಂಗ ಅಂತೀರೇನ್ರಿ?"

"ಅಂತೀನಿ."

"ನೋಟಿಸ್ ವಾಪಸ್ ತಗೋಳಾಂಗಿಲ್ರಿ ನಾ."

"ತಗೋಬ್ಯಾಡಪ್ಪಾ."

ದ್ರೌಪತಿ ಇಬ್ಬರ ಮುಖ ನೋಡಿದಳು. ಜಗಳ ಆಮೇಲೆ ಮಾಡಿಕೊಳ್ಳಿ, ಮೊದಲು ಕಾಲು ನೋಡಿ ಎಂದಳು. ತಾನೇ ಪಾದವನ್ನು ಹೊರಗೆ ಚಾಚಿದಳು. ಉಜ್ವಲಾ ಅದನ್ನು ತೊಡೆಗೆ ಎಳೆದುಕೊಂಡು ಪಟ್ಟಿ ಬಿಚ್ಚತೊಡಗಿದಳು. ಕಾಸಿ ಆರಿಸಿದ ನೀರು ಬೇಕೆಂದಳು.

ಮಚ್ಚೇಂದ್ರ ಒಳಗೆ ಹೋದ. ಬಹಳ ಹೊತ್ತಿನ ಮೇಲೆ ಬೋಗುಣಿ ತಂದಿಟ್ಟ. ಅವ್ವನ ಕಾಲಿಗೆ ಬಿಸಿ ತಿಳಿಯದೆಂದು ತನ್ನ ಮೊಣಕೈ ಅದ್ದಿ ನೋಡಿದ್ದನೇನೋ, ಅಂಗಿಯ ತೋಳು ತೊಯ್ದಿತ್ತು.