ಒನಕೆಯ ಮೇಲೆ ಕೂತವರು

"ಏಯ್ ಅಸ್ಸಲಾಮಾ, ಆ ನಿನ್ನ ಕುಂಡೀನ ಪರದೆ ಹಿಂದಕ್ಕೆ ಎಳ್ಕಳೇ! ಫೋಟೋದಾಗೆ ಬತ್ತದೆ!" ಎಂದು ಗುಮೂರ್ ಒಡೆಯ ಕೂಗಿದ.

ನನ್ನ ಚಿಕ್ಕಮ್ಮ ಅಸ್ಸಲಾಮಾ ಅಲುಗಲಿಲ್ಲ. ಒರಳಿನ ಬಾಯಿಗೆ ಒದ್ದೆ ಮೇಕೆಚರ್ಮ ಬಿಗಿಯುತ್ತಿದ್ದಳು. ಬೆಳಗ್ಗೆ ಅದೇ ಒರಳಲ್ಲಿ ಅತಿಥಿಗಳ ಊಟಕ್ಕೆ ನಾವು ಸಜ್ಜೆ ಕುಟ್ಟಿದ್ದೆವು. ಚರ್ಮ ಕಟ್ಟಿದರೆ ಅದೇ ನಮ್ಮ ತೆಂದೆ ಡೋಲು. ಅದರ ಎರಡು ಬದಿಗೆ ಎರಡು ಒನಕೆ ಬಿಗಿದು, ಒನಕೆಗಳ ಆ ತುದಿಗೊಬ್ಬಳು, ಈ ತುದಿಗೊಬ್ಬಳು ಕೂತು ಭಾರ ಬಿಟ್ಟರೆ ಮಾತ್ರ ಚರ್ಮ ಸೆಟೆದು ಮಾತಾಡುತ್ತದೆ. ಒಂದು ತುದಿಗೆ ನಾನು, ಇನ್ನೊಂದಕ್ಕೆ ದಪ್ಪ ತಿಮೂ. ದೇವರು ನಮಗೆ ಒಂಟೆ ಕೊಡಲಿಲ್ಲ, ಬಾವಿ ಕೊಡಲಿಲ್ಲ, ಕುಂಡಿಯನ್ನು ಮಾತ್ರ ಧಾರಾಳವಾಗಿ ಕೊಟ್ಟ.

ಗುಮೂರನ ತಾತನ ಡೇರೆಯಲ್ಲಿ ನನ್ನಜ್ಜಿ ಗುಲಾಮಳಾಗಿದ್ದಳು. ಈಗ ಗುಲಾಮಗಿರಿ ಇಲ್ಲವಂತೆ, ರೇಡಿಯೋದಲ್ಲಿ ಹೇಳಿದ್ದಾರೆ. ಬಾವಿ ಮಾತ್ರ ಇನ್ನೂ ಗುಮೂರನದೇ.

ಆಗದೆಸ್ ಎಂಬ ನಮ್ಮ ಊರಾಚೆಯ ಮರಳಿನಲ್ಲಿ ಅವನೇ ನಡೆಸುತ್ತಿದ್ದ ಕಲಾ ಹಬ್ಬಕ್ಕೆ 'ಮರುಭೂಮಿಯ ದನಿ' ಎಂದು ಹೆಸರಿಟ್ಟಿದ್ದ. ವೇದಿಕೆಯೇನು, ಮೈಕೇನು! ರಾಜಧಾನಿಯಿಂದ ಒಬ್ಬ ಅಧಿಕಾರಿಣಿ, ಪರದೇಶದಿಂದ ಕ್ಯಾಮೆರಾದವರು ಬಂದಿದ್ದರು. ಅಂದು ಹಾಡಬೇಕಿದ್ದ ಹಾಡು ಚಿಕ್ಕಮ್ಮನದು. ಗುಮೂರನ ಬಾವಿಯಲ್ಲಿ ಹಗ್ಗ ಎಳೆದು ಅಂಗೈ ಕಿತ್ತುಹೋದ ವರ್ಷ ಅವಳೇ ಕಟ್ಟಿದ್ದು. ಹಾಡುವವಳು ಮಾತ್ರ ಗುಮೂರನ ಮಗಳು ತಿನಲ್ಬರ್ಕ. ಹುಟ್ಟಿದಾಗಿನಿಂದ ಆ ಹಗ್ಗ ಮುಟ್ಟಿದವಳಲ್ಲ.

"ದಣೀ, ನನ್ನ ಹಾಡ ನಾನೇ ಹಾಡ್ತೀನಿ. ಆಗಾಕಿಲ್ಲ ಅಂದ್ರೆ ಇದು ಅಸ್ಸಲಾಮಾ ಕಟ್ಟಿದ್ದು ಅಂತನಾದ್ರೂ ಮೈಕ್ನಾಗೆ ಹೇಳ್ಸಿ," ಎಂದಳು ಚಿಕ್ಕಮ್ಮ.

"ಥೂ ಮುಂಡೆ! ನಿನ್ನ ಮೂತಿ ನೋಡಾಕೆ ಅವರು ಇಮಾನ ಹತ್ತಿ ಬಂದವ್ರಾ? ಒರಳು ಬಡಿಯೋಳಿಗೆ ಹೆಸರೊಂದು ಕೇಡು! ಇನ್ನೊಂದ್ಮಾತು ಆಡಿದ್ರೆ ನಾಳೆಯಿಂದ ಬಾವಿ ತಾವ ಕಾಲಿಕ್ಕಬ್ಯಾಡ."

ಚಿಕ್ಕಮ್ಮ ತಲೆ ತಗ್ಗಿಸಿ ಚರ್ಮಕ್ಕೆ ನೀರು ಚಿಮುಕಿಸಿದಳು.

ಪರದೆಯ ಹಿಂದೆ ನಾವಿಬ್ಬರೂ ಒನಕೆಯ ಮೇಲೆ ಕೂತೆವು, ಚಿಕ್ಕಮ್ಮ ತೆಂದೆ ಬಡಿಯತೊಡಗಿದಳು. ಮುಂದೆ ತಿನಲ್ಬರ್ಕ ಕಣ್ಣು ಮುಚ್ಚಿಕೊಂಡು, "ಹಗ್ಗ ತಿಂದಿತು ನನ್ನ ಅಂಗೈ" ಎಂದು ಹಾಡುತ್ತಾ ಎರಡೂ ಕೈ ಚಾಚಿದಳು. ಕ್ಯಾಮೆರಾದವನೊಬ್ಬ ಕಣ್ಣೊರೆಸಿಕೊಂಡ.

ಪರದೆಯ ಸಂದಿಯಲ್ಲಿ ಇಣುಕಿದ ತಿಮೂ, "ಅವಳ ಅಂಗೈ ನೋಡೇ, ಬೆಣ್ಣೆ ಇದ್ದಂಗೈತೆ," ಎಂದಳು.

"ತಿಮೂ, ನಂಗೆ ಯಾಕೋ ಸೊಂಟ ನೋಯ್ತೈತೆ ಕಣೇ. ಎದ್ದೇಳ್ಳಾ?"

"ಎದ್ದೇಳು ಮತ್ತೆ. ನಂಗೂ ನೋಯ್ತೈತೆ."

ಇಬ್ಬರೂ ಒಟ್ಟಿಗೇ ಎದ್ದೆವು. ತೆಂದೆ ಮುದಿ ಒಂಟೆ ಹೂಸು ಬಿಟ್ಟ ಹಾಗೆ ಸದ್ದು ಮಾಡಿ ತೆಪ್ಪಗಾಯಿತು. ತಿನಲ್ಬರ್ಕ ತಾಳ ತಪ್ಪಿ ನಿಂತೇಬಿಟ್ಟಳು.

ಗುಮೂರ್ ಓಡಿಬಂದು ಪರದೆ ಕಿತ್ತೆಳೆದ. "ಕುಂತ್ಕಳ್ರೇ ಲೌಡೀರಾ!"

ಪರದೆ ಹೋಯಿತಲ್ಲ, ಈಗ ಎಲ್ಲರಿಗೂ ನಾವು ಕಂಡೆವು. ಅಧಿಕಾರಿಣಿ ವೇದಿಕೆ ಹತ್ತಿ, "ಏನಾಯ್ತು?" ಎಂದು ಕೇಳಿದಳು.

ಚಿಕ್ಕಮ್ಮ ಮೈಕಿನ ಕಡೆ ತಿರುಗಿದಳು. "ಒನಕೆ ಮ್ಯಾಲೆ ಕೂರೋರಿಲ್ಲ ಅವ್ವಾ. ಭಾರ ಇಲ್ದೆ ಇದು ನುಡಿಯಾಕಿಲ್ಲ. ಈ ಹಾಡು ಕಟ್ಟಿದೋಳು ನಾನು, ಅಸ್ಸಲಾಮಾ. ಯಾರಾದ್ರೂ ಕೂತ್ರೆ ನಾನೇ ಹಾಡ್ತೀನಿ."

"ಅಯ್ಯೋ, ಎಷ್ಟು ಚೆನ್ನಾಗಿದೆ! ನಾನೇ ಕೂರ್ತೀನಿ," ಎಂದು ಅಧಿಕಾರಿಣಿ ಕುಣಿಯುತ್ತ ಬಂದು ಒಂದು ತುದಿಗೆ ಕೂತಳು. "ಗುಮೂರ್ ಅವರೇ, ಆ ಕಡೆ ನೀವು ಬನ್ನಿ. ನಿಮ್ಮ ಸಂಸ್ಕೃತಿನೇ ಅಲ್ವಾ?"

"ಅದು... ಅದು ಹೆಂಗಸ್ರು ಕೂರೋದು..."

"ನಾಚ್ಕೋಬೇಡಿ ಬನ್ನಿ!"

ಕ್ಯಾಮೆರಾಗಳು ತಿರುಗಿದವು. ಗುಮೂರ್ ನಮ್ಮಲ್ಲಿ ಗಂಡಸರು ಸುತ್ತಿಕೊಳ್ಳುವ ಮುಖದ ಮುಸುಕನ್ನು ಕಣ್ಣಿನವರೆಗೆ ಎಳೆದುಕೊಂಡು, ನಾನು ಎದ್ದ ಜಾಗದಲ್ಲಿ, ಇನ್ನೂ ಬಿಸಿಯಿದ್ದ ಒನಕೆಯ ಮೇಲೆ ಕೂತ.

ಚಿಕ್ಕಮ್ಮ ಒಂದು ಪೆಟ್ಟು ಹಾಕಿ ಕಿವಿಗೊಟ್ಟಳು. "ಇನ್ನೊಸಿ ಭಾರ ಬಿಡಿ ದಣೀ."

ಬಿಟ್ಟ. ತೆಂದೆ ಢಣ್ ಎಂದಿತು. ಒಡಕು ದನಿಯಲ್ಲಿ ಚಿಕ್ಕಮ್ಮ ಹಗ್ಗವನ್ನು ಹಾಡಿದಳು, ಅಂಗೈಯನ್ನು ಹಾಡಿದಳು. ಆಮೇಲೆ ನಾವು ಯಾರೂ ಕೇಳಿರದ ಸಾಲೊಂದು ಬಂತು. ಆ ಬಾವಿ ತೋಡಿದವರ ಹೆಸರುಗಳು! ಮೊದಲನೆಯದೇ ನನ್ನಜ್ಜಿಯದು.

ಗುಮೂರ್ ಏಳಲು ಹೋದ. ಡೋಲಿನ ದನಿ ಕುಸಿಯಿತು. ಜನರ ಹಿಂದೆ ನಿಂತಿದ್ದ, ಅವನ ಬಾವಿಯಲ್ಲಿ ನೀರು ಸೇದುವವರೆಲ್ಲ ಒಂದೇ ಗಂಟಲಲ್ಲಿ ಕೂಗಿದರು: "ಕುಂತ್ಕಳಯ್ಯೋ!"

ಕೂತ.

ಹಾಡು ಮುಗಿದರೆ ಗುಮೂರ್ ಏಳುತ್ತಾನೆ, ನಾಳೆ ನೀರಿಗೆ ಅವನದೇ ಬಾವಿಗೆ ಹೋಗಬೇಕು ಎಂದು ಚಿಕ್ಕಮ್ಮನಿಗೂ ಗೊತ್ತಿತ್ತು. ಅವಳು ಇನ್ನೊಂದು ಹೆಸರು ಎತ್ತಿಕೊಂಡಳು.