ಗಾಳಿ ನಿಂತ ಮಧ್ಯಾಹ್ನ

ತಾಮ್ರದ ತಂತಿ ಸುತ್ತಿ, ಮೂರು ರೆಕ್ಕೆ ಹಚ್ಚಿ, ಸುತ್ತ ಜಾಲರಿ ಬಿಗಿದು ನನ್ನನ್ನು ಕಾರ್ಖಾನೆಯಿಂದ ಹೊರಗೆ ಕಳಿಸಿದರು. ನಾನು ಟೇಬಲ್ ಫ್ಯಾನು. ಬುಡದಲ್ಲಿ ಸಾಲಾಗಿ ಗುಂಡಿಗಳು. ಒಂದೊಂದು ಒತ್ತಿದರೆ ಒಂದೊಂದು ವೇಗ, ಕೊನೆಯದನ್ನು ಒತ್ತಿದರೆ ಬಂದ್. ಕತ್ತು ಆ ಕಡೆ ಈ ಕಡೆ ತಿರುಗಿಸುವುದನ್ನು ಬಿಟ್ಟರೆ ಬೇರೆ ವಿದ್ಯೆ ನನಗಿಲ್ಲ.

ಮೊದಲು ಗದಗಿನ ಒಂದು ಫೋಟೋ ಸ್ಟುಡಿಯೋದಲ್ಲಿದ್ದೆ. ಬಾಚಿದ ಕೂದಲು ಕೆಡುತ್ತದೆ ಎಂದು ಬಂದವರೆಲ್ಲ ನನ್ನನ್ನು ಬಂದ್ ಮಾಡಿಸುತ್ತಿದ್ದರು. ಕಡೆಗೆ ಮಾಲೀಕ ನನ್ನನ್ನು ಅಡಿವೆಪ್ಪನಿಗೆ ಮಾರಿದ. ಅಡಿವೆಪ್ಪ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವವನು. ಬಿಸಿಲಲ್ಲಿ ನನ್ನನ್ನು ಹೆಗಲ ಮೇಲಿಟ್ಟುಕೊಂಡು, ದಾರಿಯಲ್ಲಿ ಎಲ್ಲೂ ಇಳಿಸದೆ, ಬೆಟಗೇರಿಯ ತನ್ನ ಎರಡು ಕೋಣೆಯ ಮನೆಗೆ ತಂದ. ಅವನ ಹೆಂಡತಿ ಶಿವಲೀಲಾ ಜಾಲರಿಯ ಧೂಳು ಒರೆಸಿ ಕುಂಕುಮ ಹಚ್ಚಿದಳು. ಮಗಳು ನೀಲಗಂಗಾ ಆಗಿನ್ನೂ ನಡೆಯಲು ಕಲಿಯುತ್ತಿದ್ದಳು.

ನೀಲಗಂಗಾಳಿಗೆ ಮಾತು ಬಂದ ಮೇಲೆ ನನ್ನ ಜೊತೆಗೇ ಹೆಚ್ಚು ಮಾತಾಡಿದಳು. ನನಗೂ ಜೀವವಿದೆ ಎಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ರೊಟ್ಟಿಯ ಚೂರು ತಂದು ಜಾಲರಿಗೆ ಹಿಡಿಯುವಳು. ನಾನು ಕತ್ತು ತಿರುಗಿಸಿದರೆ, ಫ್ಯಾನಿಗೆ ಹಸಿವಿಲ್ಲ ಎಂದು ತಾನೇ ತಿನ್ನುವಳು. ಕರೆಂಟು ಹೋದಾಗ, ಅದಕ್ಕೆ ನಿದ್ದೆ ಬಂದಿದೆ, ಗದ್ದಲ ಮಾಡಬೇಡಿ ಎಂದು ಅಪ್ಪನ ಬಾಯಿ ಮುಚ್ಚುವಳು. ಅಡಿವೆಪ್ಪ ಪಿಸುಮಾತಿನಲ್ಲಿ ಆಯ್ತವ್ವಾ ಎನ್ನುವನು. ಗಾಳಿ, ಉಸಿರು ಎರಡೂ ಅವಳಿಗೆ ಒಂದೇ ಆಗಿತ್ತು. ನಾನು ಉಸಿರು ಬಿಡುತ್ತೇನೆ, ಅದನ್ನು ಮನೆಯವರು ತೆಗೆದುಕೊಳ್ಳುತ್ತಾರೆ ಎಂದು ನಂಬಿದ್ದಳು.

ಅವಳಿಗೆ ಐದು ತುಂಬಿದ ಬೇಸಿಗೆ. ಅಡಿವೆಪ್ಪ ಎದೆ ಭಾರವೆಂದು ಪ್ರೆಸ್ಸಿನಿಂದ ಹೊತ್ತಿಗೆ ಮೊದಲೇ ಬಂದ. ಶಿವಲೀಲಾ ಓಮಿನ ನೀರು ಕುಡಿಸಿದಳು. ಗ್ಯಾಸ್ ಇರಬೇಕು, ಸ್ವಲ್ಪ ಮಲಗಿ ಎಂದು ಹೇಳಿ, ನನ್ನನ್ನು ಅವನ ಕಡೆ ತಿರುಗಿಸಿಟ್ಟು, ರೊಟ್ಟಿ ಬಡಿಯಲು ಖಾನಾವಳಿಗೆ ಹೋದಳು. ಅವಳು ದಿನಾ ಹೋಗುವ ಕೆಲಸ ಅದು.

ನೀಲಗಂಗಾ ಅಪ್ಪನ ಪಕ್ಕ ನೆಲದ ಮೇಲೆ ಕೂತು, ಅವನು ಪ್ರೆಸ್ಸಿನಿಂದ ತಂದಿದ್ದ ಬಣ್ಣದ ಕಾಗದದ ಚೂರುಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ನಾನು ಕತ್ತು ತಿರುಗಿಸಿದಾಗೆಲ್ಲ ಅವು ಹಾರುತ್ತಿದ್ದವು. ಮತ್ತೆ ಜೋಡಿಸುವಳು, ಮತ್ತೆ ಹಾರುವವು. ಬೇಸತ್ತು ಎದ್ದು ಬಂದು ಕೊನೆಯ ಗುಂಡಿ ಒತ್ತಿದಳು. ನನ್ನ ರೆಕ್ಕೆ ನಿಂತವು. ಕಾಗದ ಅಲುಗಲಿಲ್ಲ. ಅವಳು ಆಟ ಮುಂದುವರಿಸಿದಳು.

ಶಿವಲೀಲಾ ತಿರುಗಿ ಬಂದಾಗ ಅಡಿವೆಪ್ಪ ಏಳಲಿಲ್ಲ.

ಮನೆ ತುಂಬ ಜನ ಸೇರಿದರು. ಅಡಿವೆಪ್ಪನ ಅಕ್ಕ ಚನ್ನವ್ವ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು, ಅಪ್ಪ ಮಲಗಿದ್ದಾನೆ, ಎಬ್ಬಿಸಬಾರದು ಎಂದಳು. ಸಂಜೆ ಅವರ ಪದ್ಧತಿಯಂತೆ ಅವನನ್ನು ಕೂತ ಭಂಗಿಯಲ್ಲಿ ಮಣ್ಣು ಮಾಡಿ ಬಂದರು. ನೆರೆಯ ಮಕ್ಕಳಿಂದ ನೀಲಗಂಗಾಳಿಗೆ ಅದು ತಿಳಿಯಿತು. ಮಲಗಿದವನನ್ನು ಮಣ್ಣಿನೊಳಗೆ ಕೂಡಿಸಿದ್ದಾರೆ ಎಂದರೆ ಅಲ್ಲಿ ಎಷ್ಟು ಸೆಕೆಯಿರಬೇಕು ಎಂದು ಅವಳು ಯೋಚಿಸಿರಬೇಕು. ಬಂದವರೆಲ್ಲ ಹೋದ ಮೇಲೆ ತಾಯಿಯನ್ನು ಕೇಳಿದಳು:

"ಯವ್ವಾ, ಅಪ್ಪ ಕುಂತಲ್ಲಿ ಫ್ಯಾನ್ ಐತೇನು?"

ಶಿವಲೀಲಾ ಅವಳ ಬೆನ್ನಿಗೆ ಒಂದು ಹೊಡೆದಳು. ಮರುಕ್ಷಣ ಎಳೆದು ಅಪ್ಪಿಕೊಂಡು ಅತ್ತಳು. ಇನ್ನೊಮ್ಮೆ ಅಪ್ಪನ ಮಾತು ತೆಗೆಯಬೇಡ ಎಂದಳು. ನೀಲಗಂಗಾ ತೆಗೆಯಲಿಲ್ಲ. ಕೆಲವು ದಿನ ಅಪ್ಪನ ಪಾಲಿಗೆಂದು ರೊಟ್ಟಿಯನ್ನು ಹಾಸಿಗೆಯ ಕೆಳಗೆ ಬಚ್ಚಿಟ್ಟಳು. ಇರುವೆ ಮುತ್ತಿದ್ದಕ್ಕೆ ಬೈಸಿಕೊಂಡ ಮೇಲೆ ಅದನ್ನೂ ಬಿಟ್ಟಳು.

ಶಾಲೆಗೆ ಹೋಗತೊಡಗಿದ ಮೇಲೆ ಅವಳ ತಿಳಿವಳಿಕೆ ಬದಲಾಯಿತು. ಅಪ್ಪ ಮಲಗಿಲ್ಲ, ಸತ್ತಿದ್ದಾನೆ, ಇನ್ನು ಬರುವುದಿಲ್ಲ ಎಂಬುದು ಗೊತ್ತಾಯಿತು. ಅದು ಗೊತ್ತಾದ ಕೂಡಲೆ ಇನ್ನೊಂದು ಪ್ರಶ್ನೆ ಎದ್ದಿತು: ಯಾಕೆ ಸತ್ತ? ಕೇಳುವಂತಿರಲಿಲ್ಲ. ಉತ್ತರವನ್ನು ತಾನೇ ಮಾಡಿಕೊಂಡಳು. ತಾನು ಗುಂಡಿ ಒತ್ತಿದ್ದಳು, ಗಾಳಿ ನಿಂತಿತ್ತು, ಅಪ್ಪ ಸತ್ತಿದ್ದ.

ಅಲ್ಲಿಂದ ಅವಳು ನನ್ನ ಕಾವಲಿಗೆ ನಿಂತಳು. ಕೆಲಸ ಮುಗಿಸಿ ಬಂದು ಶಿವಲೀಲಾ ಮಧ್ಯಾಹ್ನ ಅಡ್ಡಾದರೆ ಮಗಳು ನನ್ನ ಪಕ್ಕ ಕೂತು ಯಾರನ್ನೂ ಗುಂಡಿಯ ಹತ್ತಿರ ಬಿಡುತ್ತಿರಲಿಲ್ಲ. ಕರೆಂಟು ಹೋದರೆ ಮುಖ ಬಿಳಿಚಿಕೊಳ್ಳುತ್ತಿತ್ತು. ಓಡಿ ಹೋಗಿ ತಾಯಿಯ ಮೂಗಿನ ಕೆಳಗೆ ಬೆರಳು ಹಿಡಿಯುವಳು. ರಟ್ಟು ತೆಗೆದುಕೊಂಡು ಕೈ ಸೋಲುವ ತನಕ ಬೀಸುವಳು. ಶಿವಲೀಲಾ ಎಚ್ಚರಗೊಂಡು, ಮಲಗಲಿಕ್ಕೂ ಬಿಡುವುದಿಲ್ಲವಲ್ಲ ಎಂದು ಗದರುವಳು. ಮಗಳು ಸೊರಗಿದಳು. ಚನ್ನವ್ವ ಅವಳನ್ನು ಕರೆದುಕೊಂಡು ಹೋಗಿ ತಾಯಿತ ಕಟ್ಟಿಸಿ ತಂದಳು. ನನಗೆ ಕಾರಣ ಗೊತ್ತಿತ್ತು. ನಾನು ಹೇಳುವುದಾದರೂ ಹೇಗೆ?

ನಾಲ್ಕನೇ ಇಯತ್ತೆಯಲ್ಲಿ ಶಾಲೆಯ ಅಕ್ಕೋರು ಎದೆ, ಶ್ವಾಸಕೋಶಗಳ ಪಾಠ ಮಾಡಿದರು. ಗಾಳಿ ಎಲ್ಲ ಕಡೆ ಇರುತ್ತದೆ, ಫ್ಯಾನು ಅದನ್ನು ಬರೀ ಕದಲಿಸುತ್ತದೆ ಎಂದು ಹೇಳಿದ್ದರಂತೆ. ನೀಲಗಂಗಾ ಪಾಠವನ್ನು ನನ್ನ ಮುಂದೆ ಕೂತು ಮತ್ತೆ ಮತ್ತೆ ಓದಿದಳು. ಓದಿದ್ದು ಒಂದು, ಇಷ್ಟು ದಿನ ನಂಬಿದ್ದು ಒಂದು. ಒಂದು ರವಿವಾರ ಕಿಟಕಿ ಬಾಗಿಲು ಮುಚ್ಚಿ, ಕೊನೆಯ ಗುಂಡಿ ಒತ್ತಿ, ಅಪ್ಪ ಮಲಗಿದ್ದ ಜಾಗದಲ್ಲೇ ಕಣ್ಣು ಮುಚ್ಚಿ ನೆಟ್ಟಗೆ ಮಲಗಿದಳು. ಬೆವರು ಹರಿದು ಲಂಗ ಒದ್ದೆಯಾಯಿತು. ಆದರೂ ಏಳಲಿಲ್ಲ. ಶಿವಲೀಲಾ ಬಾಗಿಲು ತಳ್ಳಿ ಒಳಗೆ ಬಂದವಳು ಅಲ್ಲೇ ನಿಂತುಬಿಟ್ಟಳು.

"ಏನ್ ಮಾಡಾಕತ್ತೀ?"

"ಸಾಯ್ತೀನೋ ಇಲ್ಲೋ ನೋಡಾಕತ್ತೀನಿ." ನೀಲಗಂಗಾ ಕಣ್ಣು ತೆರೆಯಲಿಲ್ಲ. "ಅವತ್ತ ನಾನ ಫ್ಯಾನ್ ಬಂದ್ ಮಾಡಿದ್ನಿ. ಅಪ್ಪಗ ಉಸರ ಸಾಲಲಿಲ್ಲ."

ಶಿವಲೀಲಾ ಮಗಳ ಪಕ್ಕ ಕೂತಳು. ನಾಲ್ಕು ವರ್ಷದ ತಾಯಿತ, ಕಾವಲು, ಮೂಗಿನ ಕೆಳಗಿನ ಬೆರಳು ಎಲ್ಲವೂ ಅವಳಿಗೆ ಆಗ ಅರ್ಥವಾಗಿರಬೇಕು. ಮಗಳ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಫ್ಯಾನ್ ಬಂದ್ ಆದ್ರ ಬೆವರ ಬರ್ತೈತಿ ಅಷ್ಟ. ಯಾರೂ ಸಾಯಂಗಿಲ್ಲವ್ವಾ. ನಿಮ್ಮಪ್ಪನ ಎದಿ ನಿಂತಿತ್ತು. ಎದಿ ಭಾರ ಅಂತ ಅವರು ಹೇಳಿದ್ರು. ಗ್ಯಾಸ್ ಇರಬೇಕು, ಮಲ್ಕೊಳ್ರಿ ಅಂದಾಕಿ ನಾನು."

ಮಗಳ ಭಾರ ಇಳಿಸಬೇಕೆಂದು ಆಡಿದ ಮಾತು ಅದು. ಭಾರ ಇಳಿಯಿತು, ಆದರೆ ನೆಲಕ್ಕೆ ಬೀಳಲಿಲ್ಲ. ನೀಲಗಂಗಾ ಎದ್ದು ಕೂತು ತಾಯಿಯ ಮುಖವನ್ನೇ ನೋಡುತ್ತ, "ಹಂಗಾದ್ರ ನಿನ್ನಿಂದ ಸತ್ತ," ಎಂದಳು.

ಒಂಬತ್ತು ವರ್ಷದ ಹುಡುಗಿಗೆ ಸಾವು ಗೊತ್ತಿತ್ತು, ಎದೆ ಹೇಗೆ ಬಡಿಯುತ್ತದೆ ಎಂಬುದೂ ಗೊತ್ತಿತ್ತು. ಯಾರ ತಪ್ಪೂ ಇಲ್ಲದೆ ಒಬ್ಬರು ಸಾಯಬಹುದು ಎಂಬುದು ಮಾತ್ರ ಅವಳ ತಲೆಗೆ ಇಳಿಯುವಂತಿರಲಿಲ್ಲ. ಅಂದಿನಿಂದ ಆ ಎರಡು ಕೋಣೆಗಳಲ್ಲಿ ಮಾತು ಕಡಿಮೆಯಾಯಿತು. ತಾಯಿ ಕೇಳಿದ್ದಕ್ಕೆ ಮಾತ್ರ ಮಗಳು ಉತ್ತರ ಕೊಡುವಳು. ಶಿವಲೀಲಾ ಎದುರಾಡಲಿಲ್ಲ, ಮಗಳು ಹೇಳಿದ್ದನ್ನು ಅವಳೂ ಒಳಗೊಳಗೆ ಒಪ್ಪಿಕೊಂಡಿದ್ದಳು ಎಂದು ನನಗೆ ಅನಿಸುತ್ತಿತ್ತು. ನಾನು ಇಬ್ಬರ ನಡುವೆ ಕತ್ತು ತಿರುಗಿಸುತ್ತ ವರ್ಷಗಳನ್ನು ಕಳೆದೆ.

ನೀಲಗಂಗಾ ಹೈಸ್ಕೂಲಿಗೆ ಬಂದ ಮೇಲೆ ಒಂದು ಸಂಜೆ ಶಿವಲೀಲಾ ಹಿಟ್ಟು ನಾದುತ್ತಿದ್ದವಳು ಎದೆ ಒತ್ತಿಕೊಂಡು ಗೋಡೆಗೆ ಒರಗಿದಳು. ಮಗಳಿಗೆ ಮರುದಿನ ಪರೀಕ್ಷೆ. ಪುಸ್ತಕದಿಂದ ತಲೆ ಎತ್ತದೆ, "ಗ್ಯಾಸ್ ಇರಬೇಕು ಬಿಡು. ಸ್ವಲ್ಪ ಮಲ್ಕೊ," ಎಂದಳು.

ಹೇಳಿದ ಮೇಲೆ ಆ ಮಾತು ಅವಳಿಗೇ ಕೇಳಿಸಿತು. ಕೈಯಲ್ಲಿದ್ದ ಪೆನ್ನು ನಿಂತಿತು. ಪುಸ್ತಕ ಎಸೆದು ಬರಿಗಾಲಲ್ಲಿ ಓಡಿದಳು, ಆಟೋ ತಂದಳು, ತಾಯಿಯನ್ನು ತಬ್ಬಿ ಹಿಡಿದು ಹತ್ತಿಸಿದಳು. ನನ್ನನ್ನು ಬಂದ್ ಮಾಡುವುದನ್ನು ಇಬ್ಬರೂ ಮರೆತರು. ಖಾಲಿ ಮನೆಯಲ್ಲಿ ನಾನು ತಿರುಗುತ್ತಲೇ ಇದ್ದೆ. ಅಂಥ ಹೆದರಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಮರುದಿನ ಇಬ್ಬರೂ ಬಂದರು. ಡಾಕ್ಟರು ಎದೆ ಪರೀಕ್ಷೆ ಮಾಡಿ, ಇದು ನಿಜಕ್ಕೂ ಗ್ಯಾಸೇ, ಮೈಯಲ್ಲಿ ರಕ್ತ ಕಡಿಮೆಯಿದೆ ಎಂದು ಗುಳಿಗೆ ಕೊಟ್ಟಿದ್ದರು. ಶಿವಲೀಲಾ ನಗಲು ನೋಡಿದಳು. ನೀಲಗಂಗಾ ನಗಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕೂತು ಹೇಳಿದಳು:

"ನನಗೂ ಗೊತ್ತಾಗಲಿಲ್ಲ, ಯವ್ವಾ."

"ಗೊತ್ತಾಗಂಗಿಲ್ಲವ್ವಾ. ಯಾರಿಗೂ ಗೊತ್ತಾಗಂಗಿಲ್ಲ."

ಸ್ವಲ್ಪ ಹೊತ್ತಿನ ಮೇಲೆ ನೀಲಗಂಗಾ, ಅಪ್ಪ ಹೇಗೆ ಮಾತಾಡುತ್ತಿದ್ದ ಎಂದು ಕೇಳಿದಳು. ಅವನ ದನಿ ಅವಳಿಗೆ ಮರೆತುಹೋಗಿತ್ತು. ಶಿವಲೀಲಾ ಹೇಳಿದಳು. ಸಣ್ಣ ದನಿ, ನಗುವಾಗ ಮಾತ್ರ ಜೋರು. ಕೈಯಿಂದ ರಟ್ಟು ಅಂಟಿಸುವ ಸರಸಿನ ವಾಸನೆ ಹೋಗುತ್ತಿರಲಿಲ್ಲವೆಂದು ಮಗಳಿಗೆ ತುತ್ತು ಮಾಡುವ ಮೊದಲು ಹುಣಸೆಹಣ್ಣು ತಿಕ್ಕಿ ತೊಳೆಯುತ್ತಿದ್ದ. ಕೇಳುತ್ತ ಕೇಳುತ್ತ ನೀಲಗಂಗಾ ಅಳತೊಡಗಿದಳು. ಇಷ್ಟು ವರ್ಷ ಅವಳು ಅತ್ತದ್ದು ಹೆದರಿಕೆಗೆ, ಸಿಟ್ಟಿಗೆ. ಅಪ್ಪನಿಗಾಗಿ ಅತ್ತದ್ದನ್ನು ನಾನು ನೋಡಿದ್ದು ಅಂದೇ ಮೊದಲು.

ಈಗ ನೀಲಗಂಗಾ ದೊಡ್ಡವಳಾಗಿದ್ದಾಳೆ, ನನ್ನ ಕಾಯಿಲ್ ಸುಟ್ಟಿದೆ. ಗುಜರಿಗೆ ಹಾಕಲು ಯಾರಿಗೂ ಮನಸ್ಸು ಬಾರದೆ ಬಾಗಿಲ ಹಿಂದಿನ ಮೂಲೆಯಲ್ಲಿದ್ದೇನೆ. ಚಿಕ್ಕವರಿಗೆ ತಿಳಿಯುವುದಿಲ್ಲ ಎಂದು ದೊಡ್ಡವರು ಸುಮ್ಮನಿರುತ್ತಾರೆ. ಆದರೆ ಆ ಜಾಗ ಖಾಲಿ ಉಳಿಯುವುದಿಲ್ಲ; ಮಗು ತನ್ನ ಕೈಗೆ ಸಿಕ್ಕಿದ್ದನ್ನು ಅಲ್ಲಿ ತುಂಬಿಕೊಳ್ಳುತ್ತದೆ. ಇಷ್ಟನ್ನು ನಾನು ಕಂಡಿದ್ದೇನೆ.

ಹೋದ ತಿಂಗಳು ಚನ್ನವ್ವ ತೀರಿಕೊಂಡಳು. ಅವಳ ನಾಲ್ಕು ವರ್ಷದ ಮೊಮ್ಮಗಳು ಪಾರಿಯನ್ನು ನೀಲಗಂಗಾ ಕೆಲವು ದಿನ ಇಲ್ಲಿಗೆ ಕರೆತಂದಿದ್ದಳು. ಅಜ್ಜಿ ಎಲ್ಲಿ ಎಂದು ಪಾರಿ ಕೇಳಿದಳು. ಮಲಗಿದ್ದಾಳೆ ಎಂದು ನೀಲಗಂಗಾ ಹೇಳಲಿಲ್ಲ. ಅಜ್ಜಿಗೆ ವಯಸ್ಸಾಗಿತ್ತು, ಮೈ ಕೆಲಸ ಮಾಡುವುದನ್ನು ನಿಲ್ಲಿಸಿತು, ಸತ್ತಳು, ಇನ್ನು ಬರುವುದಿಲ್ಲ, ನಿನ್ನಿಂದ ಏನೂ ಆಗಿಲ್ಲ ಎಂದು ಬಿಡಿಸಿ ಹೇಳಿದಳು. ಪಾರಿ ಎಲ್ಲವನ್ನೂ ತಲೆಯಾಡಿಸುತ್ತ ಕೇಳಿ ಆಡಲು ಓಡಿದಳು. ಸ್ವಲ್ಪ ಹೊತ್ತಿಗೆ ಬಾಗಿಲಿಗೆ ಬಂದು ನಿಂತು ಕೇಳಿದಳು:

"ನಾಳೆ ಬರ್ತಾಳೇನು?"

ನೀಲಗಂಗಾ ಕೈಯಲ್ಲಿದ್ದ ಕೆಲಸ ಕೆಳಗಿಟ್ಟಳು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಳು, ಮತ್ತೆ ಮೊದಲಿನಿಂದ ಹೇಳತೊಡಗಿದಳು.