ಬೆಳಗಿನ ಪಾಳಿಯವರು ನಗಲು ಹೋದದ್ದು

ಡಯಾಲಿಸಿಸ್ ವಾರ್ಡಿನ ಬೆಳಗಿನ ಪಾಳಿಯಲ್ಲಿ ಅಕ್ಕಪಕ್ಕದ ಮಂಚದವರು ಮೂವರು: ಟೈಲರಕ್ಕ, ಬಡಗಿ ಅಜ್ಜ, ಲಾರಿ ಡ್ರೈವರ್. ಪೇಟೆಯ ಸಭಾಂಗಣದಲ್ಲಿ ಮಿಮಿಕ್ರಿ ಕಾರ್ಯಕ್ರಮವಿದೆ ಅಂತ ಸುದ್ದಿ ತಂದವನು ಡ್ರೈವರ್.

“ಮೂರೂ ಜನ ಹೋಗೋಣ. ಈ ಸೂರು ನೋಡ್ತಾ ಇನ್ನೆಷ್ಟು ದಿನ ಬಿದ್ಕೊಳ್ಳೋದು?”

“ನಂಗೆ ಮೆಟ್ಟಿಲು ಹತ್ತೋಕಾಗಲ್ಲಪ್ಪ,” ಎಂದ ಅಜ್ಜ.

“ಹೊತ್ಕೊಂಡು ಹೋಗ್ತೀನಿ. ನಿನಗಿಂತ ನನ್ನ ಸ್ಟೆಪ್ನಿ ಭಾರ ಇತ್ತು.”

ಸೂಜಿ ಚುಚ್ಚಿಸಿಕೊಂಡ ಕೈ ಅಲುಗದ ಹಾಗೆ ಹಿಡಿದುಕೊಂಡೇ ಮೂವರೂ ನಕ್ಕರು. ನರ್ಸ್ ಮಾತ್ರ ನಗಲಿಲ್ಲ. “ಹೋಗಿ, ಬೇಡ ಅನ್ನಲ್ಲ. ಆದ್ರೆ ಡ್ರೈವರಣ್ಣ, ಮೈಯಲ್ಲಿ ಆಗಲೇ ನೀರು ಜಾಸ್ತಿ ಇದೆ, ಹೃದಯ ಬೇರೆ ಸೋತಿದೆ. ಗುಟುಕು ನೀರೂ ನೋಡ್ಕೊಂಡು ಕುಡೀಬೇಕು.”

ಡ್ರೈವರನ ಹೆಂಡತಿ ಟೈಲರಕ್ಕನಿಗೆ ಫೋನ್ ಮಾಡಿದಳು. “ಅವರಿಗೆ ಬಾಯಿ ಕಟ್ಟೋಕೆ ಬರಲ್ಲ ಅಕ್ಕಾ. ನಿಮ್ಮನ್ನ ನಂಬಿ ಕಳಿಸ್ತಿದೀನಿ.”

ಕಾರ್ಯಕ್ರಮ ಚೆನ್ನಾಗಿತ್ತು. ವೇದಿಕೆಯ ಮೇಲಿನವನು ಕೆಟ್ಟ ಬಸ್ಸಿನ ಸದ್ದು ಮಾಡಿ ತೋರಿಸಿದಾಗ ಡ್ರೈವರ್ ಹೊಟ್ಟೆ ಹಿಡಿದುಕೊಂಡು ನಕ್ಕ. “ಗೇರ್‌ಬಾಕ್ಸ್ ಹೋಗಿದೆ, ಬಿಚ್ಚಯ್ಯ!” ಎಂದು ಕೂಗಿದ. ಇಡೀ ಸಭೆ ತಿರುಗಿ ನೋಡಿ ಚಪ್ಪಾಳೆ ತಟ್ಟಿತು.

ವಿರಾಮದಲ್ಲಿ ಅವನು ತಣ್ಣನೆಯ ಸೋಡಾ ಹಿಡಿದು ಬಂದ.

“ಏನದು?” ಎಂದಳು ಟೈಲರಕ್ಕ.

“ಒಂದೇ ಗುಟುಕು.”

ಬಾಟಲಿ ಕಿತ್ತುಕೊಳ್ಳಲು ಕೈ ಚಾಚಿದಳು. ಆದರೆ ಅವನ ಮುಖ ಅಷ್ಟು ಕಳೆಕಳೆಯಾಗಿದ್ದುದನ್ನು ಅವಳು ಯಾವತ್ತೂ ಕಂಡಿರಲಿಲ್ಲ. ರೋಗಿಯ ಮುಖವೇ ಅಲ್ಲ ಅದು. ಕೈ ಹಿಂದಕ್ಕೆ ಬಂತು. ಬಾಟಲಿ ಬರಿದಾಯಿತು, ಎರಡನೆಯದೂ ಬಂತು. ಅವಳು ವೇದಿಕೆ ನೋಡುತ್ತಾ ಕೂತಳು.

ಬೆಳಗಿನ ಜಾವ ಅವನಿಗೆ ಉಸಿರು ಕಟ್ಟಿತು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟ.

ಸುದ್ದಿ ತಿಳಿದು ಟೈಲರಕ್ಕ ಅವನ ಮನೆಗೆ ಹೋದಳು. ಹೆಂಡತಿ ಬಾಗಿಲಲ್ಲೇ ನಿಂತು ಕೇಳಿದಳು: “ಏನು ಕುಡಿದ್ರು?”

“ಎರಡು ಸೋಡಾ.”

“ನೀವು ನೋಡಿದ್ರಾ?”

“ನೋಡ್ದೆ. ತುಂಬಾ ನಗ್ತಿದ್ರು, ಅದಕ್ಕೇ…”

“ನಕ್ಕರೆ ಸಾಕಿತ್ತಾ ನಿಮಗೆ?” ಬಾಗಿಲು ಮುಚ್ಚಿತು. ಒಳಗೆ ಯಾರೋ ಕುರ್ಚಿಗಳನ್ನು ಎಳೆದು ಜೋಡಿಸುತ್ತಿದ್ದರು.

ಮಾರನೆಯ ದಿನ ಪಾಳಿ ಇತ್ತು. ಹೋಗದೆ ಇರುವ ಹಾಗಿರಲಿಲ್ಲ. ನಡುವೆ ಡ್ರೈವರ್ ಮಲಗುತ್ತಿದ್ದ ಮಂಚಕ್ಕೆ ಆಗಲೇ ಹೊಸಬರೊಬ್ಬರು ಬಂದಿದ್ದರು. ಆಚೆ ಮಂಚದಿಂದ ಅಜ್ಜ ಸಣ್ಣ ದನಿಯಲ್ಲಿ ಅಂದ, “ನಾನೂ ನೋಡಿದ್ದೆ ಕಣಮ್ಮ. ನೀನೇ ಅವನಿಗೆ ಬೈತೀಯ ಅಂತ ಸುಮ್ನಿದ್ದೆ.”

ನರ್ಸ್ ಸೂಜಿ ಹಿಡಿದು ಬಂದಳು. ಟೈಲರಕ್ಕ ಮುಖ ಗೋಡೆಗೆ ತಿರುಗಿಸಿ ತೋಳು ಒಡ್ಡಿದಳು.